ಕಾದಂಬರಿಯ ನಾಯಕನಿಗೆ ಸಂಬಳ ಎಷ್ಟು?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುವ ಪುಸ್ತಕ ವಿಮರ್ಶೆಗಳನ್ನು ಬಿಡದೆ ಓದುವವರಲ್ಲಿ ನಾನೂ ಒಬ್ಬ. ಓದಿ ಪೇಪರ್ ಮಡಚಿಟ್ಟ ಮೇಲೆ ನನ್ನ ಹೆಂಡತಿ ಕೇಳುತ್ತಾಳೆ, "ಚೆನ್ನಾಗಿದೆಯಂತಾ ಪುಸ್ತಕ?" ನನಗೆ ಉತ್ತರ ಗೊತ್ತಿರುವುದಿಲ್ಲ. ಲೇಖಕರು ಯಾವ ಊರಿನವರು, ಯಾವ ಪ್ರಶಸ್ತಿ ಬಂದಿದೆ, ಸಮಾಜದ ಯಾವ ಸಮಸ್ಯೆಗೆ ಕನ್ನಡಿ ಹಿಡಿದಿದ್ದಾರೆ, ಎಲ್ಲಾ ಅಲ್ಲಿರುತ್ತದೆ. ರಾತ್ರಿ ಊಟ ಆದ ಮೇಲೆ ಕೈಗೆತ್ತಿಕೊಂಡರೆ ಹನ್ನೊಂದು ಗಂಟೆಯವರೆಗೆ ಓದಿಸಿಕೊಂಡು ಹೋಗುತ್ತದೋ ಇಲ್ಲವೋ ಅನ್ನುವುದೊಂದು ಮಾತ್ರ ಇರುವುದಿಲ್ಲ. ಅದರಲ್ಲೂ ಥ್ರಿಲ್ಲರ್, ಪ್ರೇಮಕಥೆ, ಪತ್ತೇದಾರಿ ಅಂದರೆ ನಿಮ್ಮ ವಿಮರ್ಶಕರು ಅರ್ಧ ಕಾಲಂ ಕೂಡ ಖರ್ಚು ಮಾಡುವುದಿಲ್ಲ. ನಮ್ಮಂಥವರು ದುಡ್ಡು ಕೊಟ್ಟು ಕೊಳ್ಳುವುದು ಅವನ್ನೇ ಅಲ್ವಾ? ಹಾಗಾಗಿ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಕತ್ತರಿ ಹಾಕುವುದಾದರೆ ನಡುವೆ ಹಾಕಿ. ಕೊನೆಯಲ್ಲಿ ನನ್ನದೊಂದು ಬೇಡಿಕೆ ಇದೆ, ಅದನ್ನು ಬಿಡಬೇಡಿ.

ನಾನು ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ರಾಶಿ, ಬೆಟ್ಟೆ, ಗೊರಬಲು, ಚಾಲಿ ಅಂತ ಅಡಿಕೆಯಲ್ಲಿ ಬಗೆಗಳು. ಯಾರದು ಎಷ್ಟು ಚೀಲ ಬಂತು, ಟೆಂಡರ್‌ನಲ್ಲಿ ಎಷ್ಟಕ್ಕೆ ಹೋಯಿತು, ಹಮಾಲಿ ಎಷ್ಟು, ಮುಂಗಡ ತೆಗೆದುಕೊಂಡಿದ್ದು ಎಷ್ಟು ಮುರಿಯಬೇಕು, ಇದೇ ನನ್ನ ದಿನ. ಈಗ ಎಲ್ಲಾ ಕಂಪ್ಯೂಟರ್‌ನಲ್ಲಿ. ಆದರೂ ಮಾಲೀಕರಿಗೆ ಸಮಾಧಾನ ಆಗಲಿ ಅಂತ ಒಂದು ಕಿರ್ದಿ ಪುಸ್ತಕ ಕೈಯಲ್ಲೂ ಬರೆಯುತ್ತೇನೆ. ಮಳೆಗಾಲದಲ್ಲಿ ಆವಕ ಕಡಿಮೆ. ಹೊರಗೆ ಮಳೆ ಹೊಡೆಯುತ್ತಿರುತ್ತದೆ, ಒಳಗೆ ತಕ್ಕಡಿ ಸುಮ್ಮನಿರುತ್ತದೆ. ಆಗ ಗಲ್ಲಾಪೆಟ್ಟಿಗೆ ಪಕ್ಕ ಕೂತು ಕಾದಂಬರಿ ಓದುತ್ತೇನೆ. ಓದು ಅಂದರೆ ದೊಡ್ಡ ಓದೇನಲ್ಲ. ಗ್ರಂಥಾಲಯದಲ್ಲಿ ಸಿಕ್ಕಿದ್ದು, ಮಗಳು ಬೆಂಗಳೂರಿನಿಂದ ತಂದುಕೊಟ್ಟಿದ್ದು, ಇವಳು ತವರಿನಿಂದ ಹೊತ್ತುಕೊಂಡು ಬಂದ ಹಳೇ ಪುಸ್ತಕಗಳು.

ಲೆಕ್ಕದವನಾದ್ದರಿಂದ ನನಗೊಂದು ಚಟ. ಕಾದಂಬರಿಯಲ್ಲಿ ಹೊಸಬನೊಬ್ಬ ಬಂದ ಕೂಡಲೇ ನನ್ನ ಮನಸ್ಸು ಕೇಳುತ್ತದೆ, ಈ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ? ಸಂಬಳ ಎಷ್ಟು? ಮನೆ ಬಾಡಿಗೆಯದೋ ಸ್ವಂತದ್ದೋ? ಇವನ್ನೆಲ್ಲ ಲೇಖಕರು ಬರೆಯಲೇಬೇಕು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಗೊತ್ತಿರಬೇಕು, ಅಷ್ಟೇ. ಗೊತ್ತಿದೆಯೋ ಇಲ್ಲವೋ ಅನ್ನುವುದು ಓದುವವನಿಗೆ ಹತ್ತು ಪುಟದೊಳಗೆ ತಿಳಿದುಬಿಡುತ್ತದೆ. ಗೊತ್ತಿಲ್ಲ ಅಂತಾದರೆ ಆಮೇಲೆ ಅಲ್ಲಿ ಕೊಲೆಯಾಗಲಿ, ಪ್ರೇಮವಾಗಲಿ, ನನಗೆ ನಂಬಿಕೆ ಬರುವುದಿಲ್ಲ.

ಮೊದಲು ಬೈಗುಳದಿಂದಲೇ ಶುರು ಮಾಡುತ್ತೇನೆ. ಈ ಮಳೆಗಾಲದಲ್ಲಿ ಒಂದು ಹೊಸ ಥ್ರಿಲ್ಲರ್ ಓದಿದೆ. ಹೆಸರು ಹೇಳುವುದಿಲ್ಲ. ಬರೆದವರು ಇನ್ನೂ ಚಿಕ್ಕ ವಯಸ್ಸಿನವರು, ಭಾಷೆ ಚೆನ್ನಾಗಿದೆ, ಮುಂದೆ ಚೆನ್ನಾಗಿ ಬರೆಯಬಹುದು. ಅದರಲ್ಲಿ ನಾಯಕನ ಕೈಗೆ 5 ಕೋಟಿ ರೂಪಾಯಿ ಸಿಗುತ್ತದೆ. ಎಲ್ಲಾ 500ರ ನೋಟು. ಕಾಲೇಜು ಹುಡುಗರು ಬೆನ್ನಿಗೆ ಹಾಕಿಕೊಳ್ಳುತ್ತಾರಲ್ಲ, ಆ ಬ್ಯಾಗಿಗೆ ತುಂಬಿಕೊಂಡು ಆಗುಂಬೆ ಘಾಟಿಯಲ್ಲಿ ಮಳೆಯೊಳಗೆ ಓಡುತ್ತಾನೆ. ಹಿಂದೆ ನಾಲ್ಕು ಜನ ಅಟ್ಟಿಸಿಕೊಂಡು ಬರುತ್ತಾರೆ. ಜಾರುವ ಕಲ್ಲು, ಇಂಬಳ, ಮಂಜು, ಎಲ್ಲಾ ಸೊಗಸಾಗಿ ಬಂದಿದೆ.

ನಾನು ಪುಸ್ತಕ ಮಡಚಿ ಕ್ಯಾಲ್ಕುಲೇಟರ್ ಎಳೆದುಕೊಂಡೆ. 5 ಕೋಟಿಗೆ 500ರ ನೋಟು 1 ಲಕ್ಷ ಬೇಕು. ನೂರು ನೋಟಿನ ಕಟ್ಟು ಅಂದರೆ 1,000 ಕಟ್ಟು. ಒಂದು ನೋಟು ಒಂದು ಗ್ರಾಂಗಿಂತ ಚೂರು ಜಾಸ್ತಿಯೇ ತೂಗುತ್ತದೆ. ಅಲ್ಲಿಗೆ ಬ್ಯಾಗಿನ ತೂಕ ಒಂದು ಕ್ವಿಂಟಾಲ್ ದಾಟಿತು. ಅದೂ ಒಣಗಿದ ನೋಟಿಗೆ ಹೇಳಿದ್ದು. ಇನ್ನು ಜಾಗದ ಮಾತು. 500ರ ನೋಟು 15 ಸೆಂಟಿಮೀಟರ್ ಉದ್ದ, 6.6 ಸೆಂಟಿಮೀಟರ್ ಅಗಲ. ಒಂದು ಕಟ್ಟು ಒಂದು ಸೆಂಟಿಮೀಟರ್‌ಗಿಂತ ದಪ್ಪ ಇರುತ್ತದೆ. ಸಾವಿರ ಕಟ್ಟು ತುಂಬಲು ಅಂಥ ಬ್ಯಾಗು ನಾಲ್ಕಾದರೂ ಬೇಕು. ಹೋಗಲಿ, 2,000ದ ನೋಟು ಅಂತ ಬರೆದಿದ್ದರೆ ಭಾರ ಕಾಲು ಭಾಗಕ್ಕೆ ಇಳಿಯುತ್ತಿತ್ತು. ಆದರೆ ಅದನ್ನು ರಿಸರ್ವ್ ಬ್ಯಾಂಕು 2023ರ ಮೇ ತಿಂಗಳಲ್ಲಿ ವಾಪಸ್ ಪಡೆಯುವುದಾಗಿ ಹೇಳಿತು. ಕಥೆ ನಡೆಯುವುದು ಅದಾದ ಮೇಲೆ.

ನಮ್ಮ ಮಂಡಿಯ ಹಮಾಲರಲ್ಲಿ ಒಬ್ಬನನ್ನು ಕರೆದು ಕೇಳಿದೆ. ಗಟ್ಟಿಮುಟ್ಟಾದ ಆಳು, ಅಡಿಕೆ ಚೀಲವನ್ನು ಮಗುವಿನ ಹಾಗೆ ಎತ್ತಿ ಹೆಗಲಿಗೆ ಹಾಕಿಕೊಳ್ಳುವವನು. "ಒಂದು ಕ್ವಿಂಟಾಲ್ ಹೊತ್ಕೊಂಡು ಆಗುಂಬೆ ಘಾಟಿಯಲ್ಲಿ ಓಡ್ತೀಯೇನೋ?" ಅವನು ಸ್ವಲ್ಪ ಯೋಚನೆ ಮಾಡಿ ಹೇಳಿದ, "ದುಡ್ಡಾದ್ರೆ ಹೊರ್ತೀನಿ ರೈಟ್ರೇ. ಓಡೋಕೆ ಆಗಲ್ಲ."

ನಗುವ ಮಾತಲ್ಲ ಇದು. ಆ ಲೇಖಕರು ಭಾರವನ್ನು ಬರೆದಿದ್ದರೆ ಆ ಅಧ್ಯಾಯ ಎಲ್ಲಿಗೋ ಹೋಗುತ್ತಿತ್ತು. 5 ಕೋಟಿ ಸಿಕ್ಕಿದೆ, ಎತ್ತೋಕೆ ಆಗುತ್ತಿಲ್ಲ. ಅರ್ಧ ಬಿಟ್ಟು ಹೋಗಬೇಕು. ಯಾವ ಅರ್ಧ? ಎಲ್ಲಿ ಬಚ್ಚಿಡುವುದು? ಮಳೆಗೆ ನೆನೆದರೆ? ಅಲ್ಲಿತ್ತು ಥ್ರಿಲ್ಲರ್. ನಾಯಕನನ್ನು ಹಗುರ ಮಾಡಿ ಓಡಿಸಿದ್ದಕ್ಕೆ ಕಥೆಯೂ ಹಗುರವಾಯಿತು.

ಇನ್ನೊಂದು, ಒಂದು ಪ್ರೇಮಕಥೆ. ಇದರ ಹೆಸರೂ ಬೇಡ. ನಾಯಕಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಮನಸ್ಸಿಗೆ ಬೇಜಾರಾಗಿ ಮಡಿಕೇರಿಯ ಹೋಮ್‌ಸ್ಟೇಗೆ ಬರುತ್ತಾಳೆ. ಹದಿನೈದು ದಿನ ಇರುತ್ತಾಳೆ. ಒಂದು ಫೋನ್ ಬರುವುದಿಲ್ಲ. ಒಂದು ಮೀಟಿಂಗ್ ಇಲ್ಲ. ನನ್ನ ಮಗಳೂ ಅದೇ ಕೆಲಸದಲ್ಲಿದ್ದಾಳೆ. ದೀಪಾವಳಿಗೆ ಬಂದವಳು ಗೋಪೂಜೆ ಹೊತ್ತಿಗೆ ಕೊಟ್ಟಿಗೆ ಬಾಗಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದಳು. "ರಿಲೀಸ್ ಇದೆ ಅಪ್ಪಾ, ಐದೇ ನಿಮಿಷ." ಆರತಿ ಮುಗಿದರೂ ಐದು ನಿಮಿಷ ಮುಗಿಯಲಿಲ್ಲ. ಆ ಕಾದಂಬರಿ ಓದಿ ಅವಳು ಕೇಳಿದ್ದು ಒಂದೇ ಪ್ರಶ್ನೆ, "ಇವಳ ಮ್ಯಾನೇಜರ್ ಯಾರು? ನಮ್ಮ ಟೀಮಿಗೆ ಕಳಿಸ್ತಾರಾ?"

ಹೊಸಬರಿಗೆ ಬೈದು ಹಳಬರನ್ನು ಹೊಗಳುವ ಮುದುಕ ಅಂತ ತಿಳಿಯಬೇಡಿ. ಹಳೇ ಕಾದಂಬರಿಗಳಲ್ಲೂ ಕೆಲಸವಿಲ್ಲದ ನಾಯಕರು ಬೇಕಾದಷ್ಟಿದ್ದಾರೆ. ಪೈಪ್ ಸೇದುತ್ತಾ ಕಿಟಕಿಯಾಚೆ ನೋಡುವವರು. ಆದರೆ ಮಳೆಗಾಲಕ್ಕೆ ಮುಂಚೆ ಹೆಂಡತಿಯ ಕಪಾಟಿನಿಂದ ತೆಗೆದು ತ್ರಿವೇಣಿ ಅವರ 'ಬೆಳ್ಳಿ ಮೋಡ' ಓದಿದೆ. ನನಗೆ ಸಿನಿಮಾ ಮಾತ್ರ ಗೊತ್ತಿತ್ತು. 1967ರದ್ದು, ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ, ಕಲ್ಪನಾ ಅವರದ್ದು. ಎಲ್ಲರೂ ಅದನ್ನು ಪ್ರೇಮಕಥೆ ಅನ್ನುತ್ತಾರೆ. ನಾನು ಓದಿದ್ದು ಆಸ್ತಿ ಲೆಕ್ಕದ ಕಥೆ.

ನೋಡಿ. ಇಂದಿರಾ ತೋಟದ ಮನೆಯ ಒಬ್ಬಳೇ ಮಗಳು. ಮೋಹನ ಅವಳನ್ನು ಮದುವೆಯಾಗುವವನು. ಹುಡುಗಿಯ ಅಪ್ಪ ಅವನನ್ನು ಸ್ವಂತ ಖರ್ಚಿನಲ್ಲಿ ವಿದೇಶಕ್ಕೆ ಓದಲು ಕಳಿಸುತ್ತಾರೆ. ನಮ್ಮ ಮಂಡಿ ಭಾಷೆಯಲ್ಲಿ ಹೇಳುವುದಾದರೆ ಇದು ಮುಂಗಡ. ಫಸಲು ಬಂದ ಮೇಲೆ ಮಾಲು ನಮ್ಮಲ್ಲಿಗೇ ಬರಬೇಕು ಅಂತ ಕೊಡುವ ಮುಂಗಡ. ಅಷ್ಟರಲ್ಲಿ ಇಂದಿರೆಯ ತಾಯಿಗೆ ತೀರಾ ತಡವಾಗಿ ಗಂಡು ಮಗು ಹುಟ್ಟುತ್ತದೆ. ತೋಟಕ್ಕೆ ವಾರಸುದಾರ ಬಂದ. ಮೋಹನನ ಪ್ರೀತಿ ಇಳಿಯುತ್ತದೆ. ಹುಡುಗಿ ಅದೇ ಹುಡುಗಿ. ಬದಲಾಗಿದ್ದು ಖಾತೆಯ ಹೆಸರು ಮಾತ್ರ.

ತ್ರಿವೇಣಿ ಇದನ್ನು ಎಲ್ಲೂ ಕೂಗಿ ಹೇಳುವುದಿಲ್ಲ. ಮೋಹನನನ್ನು ರಾಕ್ಷಸ ಮಾಡುವುದೂ ಇಲ್ಲ. ಅವನು ಸಾಮಾನ್ಯ ಮನುಷ್ಯ, ಲಾಭ ನಷ್ಟ ಎಣಿಸುವವನು. ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವವರಲ್ಲಿ ಅಂಥವರು ಎಷ್ಟೋ ಮಂದಿ. ಆಮೇಲೆ ಅವನ ಕಾಲು ಮುರಿದಾಗ ಶುಶ್ರೂಷೆ ಮಾಡುವವಳು ಇಂದಿರೆಯೇ. ಅವನ ಮನಸ್ಸು ಮತ್ತೆ ತಿರುಗುತ್ತದೆ. ಆಗ ಅವಳು ಬೇಡ ಅನ್ನುತ್ತಾಳೆ. ಆ 'ಬೇಡ' ಅಷ್ಟು ಗಟ್ಟಿಯಾಗಿ ಕೇಳಿಸುವುದಕ್ಕೆ ಕಾರಣ ಅದರ ಹಿಂದಿರುವ ಲೆಕ್ಕ ಪೈಸೆಗೆ ಪೈಸೆ ಸರಿಯಾಗಿರುವುದು. ತ್ರಿವೇಣಿ ಹುಟ್ಟಿದ್ದು 1928ರಲ್ಲಿ, ತೀರಿಕೊಂಡದ್ದು 1963ರಲ್ಲಿ. ಮೊದಲ ಕಾದಂಬರಿ 'ಅಪಸ್ವರ' ಬಂದದ್ದು 1953ರಲ್ಲಿ. ಅಷ್ಟು ಕಡಿಮೆ ಅವಧಿಯಲ್ಲಿ 20ರಷ್ಟು ಕಾದಂಬರಿ. 'ಮಹಿಳೆಯರ ಕಾದಂಬರಿ' ಅಂತ ಅವರನ್ನು ಪಕ್ಕಕ್ಕೆ ಸರಿಸಿದ ಗಂಡಸರಲ್ಲಿ ಮೋಹನನ ಬಂಧುಗಳು ಜಾಸ್ತಿ ಇದ್ದಿರಬೇಕು.

ಥ್ರಿಲ್ಲರ್ ವಿಷಯಕ್ಕೆ ವಾಪಸ್ ಬರುತ್ತೇನೆ. ತೇಜಸ್ವಿಯವರ 'ಜುಗಾರಿ ಕ್ರಾಸ್' ಮತ್ತೆ ಓದಿದೆ. ಹೊಸ ಹುಡುಗರಿಗೆ ನಾನು ಹೇಳುವುದು ಇದನ್ನೇ. ಸುರೇಶ, ಗೌರಿ ಅನ್ನುವ ಗಂಡ ಹೆಂಡತಿ ಏಲಕ್ಕಿ ಮಾರಲು ಪೇಟೆಗೆ ಬರುತ್ತಾರೆ. ಅಲ್ಲಿಂದ ಒಂದೇ ದಿನದೊಳಗೆ ಅವರಿಗೆ ಆಗುವುದೆಲ್ಲ ಕಥೆ. ರೈಲು, ಕಳ್ಳಸಾಗಣೆ, ಕೊಲೆಗಡುಕರು, ಕಾಡಿನೊಳಗಿನ ಕೆಂಪು ಕಲ್ಲು, ಹಳಗನ್ನಡದ ಒಗಟು, ಒಂದು ಸಿನಿಮಾಕ್ಕೆ ಜಾಸ್ತಿಯೇ ಆಗುವಷ್ಟು ಸರಕಿದೆ. ಆದರೆ ಶುರುವಾಗುವುದು ಏಲಕ್ಕಿ ಮಾರಾಟದಿಂದ. ಬೆಳೆಗಾರ ಮಾಲು ಹಿಡಿದುಕೊಂಡು ವ್ಯಾಪಾರಿಯ ಮುಂದೆ ನಿಲ್ಲುವ ಗತಿ ಏನು ಅಂತ ತೇಜಸ್ವಿಗೆ ಗೊತ್ತು. ಮೂಡಿಗೆರೆಯಲ್ಲಿ ತೋಟ ಮಾಡಿದವರು. ಆ ಗಂಡ ಹೆಂಡತಿಯ ಕೈಯಲ್ಲಿರುವುದು ಬೆವರು ಸುರಿಸಿದ ದುಡ್ಡು ಅಂತ ನಮಗೆ ಮೊದಲೇ ಗೊತ್ತಾಗಿರುತ್ತದೆ. ಹಾಗಾಗಿ ಅಪಾಯ ಎದುರಾದಾಗ ನಮ್ಮ ಎದೆಯೂ ಡವಡವ ಅನ್ನುತ್ತದೆ.

'ಕರ್ವಾಲೊ'ದಲ್ಲೂ ಹಾಗೇ. ಎಲ್ಲರೂ ಹಾರುವ ಓತಿ, ವಿಕಾಸವಾದ, ಕಾಲ ಅಂತ ಮಾತಾಡುತ್ತಾರೆ. ನನಗೆ ನೆನಪಿರುವುದು ಮಂದಣ್ಣ. ಜೇನು ಹಿಡಿಯುವುದರಲ್ಲಿ ನಿಸ್ಸೀಮ. ಕಾಡಿನ ಹುಳ ಹುಪ್ಪಟೆ ಎಲ್ಲಾ ಗೊತ್ತು. ಅವನಿಗೆ ಬೇಕಾಗಿರುವುದು ಏನು? ಒಂದು ನೌಕರಿ. ಒಂದು ಮದುವೆ. ಕರ್ವಾಲೊ ಸಾಹೇಬರಿಗೆ ಲಕ್ಷಾಂತರ ವರ್ಷದ ಹಿಂದಿನ ಜೀವಿ ಬೇಕು, ಮಂದಣ್ಣನಿಗೆ ತಿಂಗಳ ಸಂಬಳ ಬೇಕು. ಇಬ್ಬರೂ ಒಂದೇ ಕಾಡಿಗೆ ಹೊರಡುತ್ತಾರೆ. 1980ರಲ್ಲಿ ಬಂದ ಪುಸ್ತಕ. ನಾನು ಓದಿದ್ದು ಅಚ್ಚಿನ ಮೇಲೆ ಅಚ್ಚು ಕಂಡ ಪ್ರತಿ. ನಮ್ಮ ಗ್ರಂಥಾಲಯದಲ್ಲಿ ಅದರ ಬೆನ್ನು ಕಿತ್ತುಹೋಗಿದೆ. ಪುಸ್ತಕ ಓಡುತ್ತಿದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಈಗ ನನಗೆ ಬಹಳ ಇಷ್ಟವಾದ ಪುಸ್ತಕಕ್ಕೆ ಬರುತ್ತೇನೆ. ವಿವೇಕ ಶಾನಭಾಗರ 'ಘಾಚರ್ ಘೋಚರ್'. ನಮ್ಮ ಪಕ್ಕದ ಹೆಗ್ಗೋಡಿನ ಅಕ್ಷರ ಪ್ರಕಾಶನದವರು 2013ರಲ್ಲಿ ತಂದದ್ದು. ಇಂಗ್ಲಿಷಿಗೂ ಹೋಗಿ ಹೊರದೇಶಗಳಲ್ಲೆಲ್ಲ ಹೆಸರಾದ ಮೇಲೆ ಮಗಳು ಬೆಂಗಳೂರಿನಲ್ಲಿ ಕೊಂಡು ತಂದಳು. ನಮ್ಮ ಮನೆಯಿಂದ ಹೆಗ್ಗೋಡಿಗೆ ಎಷ್ಟು ದೂರ, ಬೆಂಗಳೂರಿಗೆ ಎಷ್ಟು ದೂರ ನೋಡಿ! ಇದನ್ನು ಜನಪ್ರಿಯ ಕಾದಂಬರಿ ಅನ್ನಬಹುದೋ ಇಲ್ಲವೋ ನಿಮ್ಮ ವಿಮರ್ಶಕರು ತೀರ್ಮಾನಿಸಲಿ. ನಾನು ಒಂದೇ ಕೂತಿನಲ್ಲಿ ಮುಗಿಸಿದೆ. ನನ್ನ ಮಟ್ಟಿಗೆ ಅದು ಥ್ರಿಲ್ಲರ್.

ಅದರಲ್ಲಿ ಅಪ್ಪ ಟೀ ಪುಡಿ ಮಾರುವ ಸೇಲ್ಸ್‌ಮನ್. ದಿನಾ ಅಂಗಡಿ ಅಂಗಡಿ ತಿರುಗಿ ವಸೂಲಿ ತರಬೇಕು, ರಾತ್ರಿ ಲೆಕ್ಕ ಕೂಡಿಸಬೇಕು. ಒಂದು ದಿನ ಲೆಕ್ಕ ತಾಳೆಯಾಗುವುದಿಲ್ಲ. ಚಿಕ್ಕ ಮನೆ, ಇರುವೆ ಕಾಟ, ಬಡತನ ಅಲ್ಲದಿದ್ದರೂ ಕೈ ಬಿಗಿ. ದುಡ್ಡು ಕಡಿಮೆ ಬಂದರೆ ಕೈಯಿಂದ ಕಟ್ಟಬೇಕು. ಇಡೀ ಮನೆ ಉಸಿರು ಬಿಗಿ ಹಿಡಿದು ಕೂರುತ್ತದೆ.

ಸ್ವಾಮಿ, ಆ ಪುಟ ಓದುವಾಗ ನನ್ನ ಅಂಗೈ ಬೆವರಿತು. ಕಿರ್ದಿ ತಾಳೆಯಾಗದ ಸಂಜೆ ಹೇಗಿರುತ್ತದೆ ಅಂತ ಹೊರಗಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಮಾಲೀಕರು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಕೂಡಿಸಿದರೆ 180 ರೂಪಾಯಿ ವ್ಯತ್ಯಾಸ. ನಮ್ಮ ಕಸುಬಿನಲ್ಲಿ ಒಂದು ಉಪಾಯ ಇದೆ. ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲು ಬದಲಾಗಿರುವ ಸಂಭವ ಜಾಸ್ತಿ. 5,640 ಅಂತ ಬರೆಯುವಲ್ಲಿ 5,460 ಆಗಿರಬಹುದು. ಹಾಗಲ್ಲ ಅಂದರೆ ವ್ಯತ್ಯಾಸದ ಅರ್ಧ ಎಷ್ಟು ನೋಡಬೇಕು, 90 ರೂಪಾಯಿಯ ಚೀಟಿ ಯಾವುದಾದರೂ ಜಮಾ ಬದಿಗೆ ಹೋಗುವುದು ಖರ್ಚಿಗೆ ಹೋಗಿದೆಯಾ ಅಂತ. ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾ ಬಂದರೆ ಎಲ್ಲೋ ಒಂದು ಕಡೆ ಸಿಗುತ್ತದೆ. ಸಿಕ್ಕ ಕ್ಷಣ ಫ್ಯಾನ್ ಸದ್ದು ಕೂಡ ಹಿತವಾಗಿ ಕೇಳುತ್ತದೆ. ಪಿಸ್ತೂಲು, ಬಾಂಬು ಇರುವ ಎಷ್ಟೋ ಪುಸ್ತಕ ಓದಿದ್ದೇನೆ. ಆ ರಾತ್ರಿಯ ಲೆಕ್ಕದಷ್ಟು ಯಾವುದೂ ಹೆದರಿಸಿಲ್ಲ.

ಆಮೇಲೆ ಚಿಕ್ಕಪ್ಪ 'ಸೋನಾ ಮಸಾಲಾ' ಶುರು ಮಾಡುತ್ತಾನೆ, ದುಡ್ಡು ಬರುತ್ತದೆ, ಮನೆ ದೊಡ್ಡದಾಗುತ್ತದೆ. ಕಥೆ ಹೇಳುವ ಹುಡುಗ ಕಂಪನಿಯಲ್ಲಿ ಡೈರೆಕ್ಟರ್. ಸಂಬಳ ಬರುತ್ತದೆ, ಕೆಲಸ ಇಲ್ಲ. ದಿನಾ ಕಾಫಿ ಹೌಸಿನಲ್ಲಿ ಕೂರುವುದು. ಇದನ್ನು ಅವನ ಹೆಂಡತಿ ಅನಿತಾ ಕಂಡುಹಿಡಿಯುತ್ತಾಳೆ, ಅಲ್ಲಿಂದ ಮನೆ ಬಿರುಕು ಬಿಡುತ್ತದೆ. ನಾನು ಮೇಲೆ ಬೈದೆನಲ್ಲ, ಕೆಲಸವಿಲ್ಲದ ನಾಯಕರು ಅಂತ? ಇವನೂ ಅಂಥವನೇ. ಆದರೆ ಇಲ್ಲಿ ಲೇಖಕರಿಗೆ ಅದು ಗೊತ್ತಿದೆ. ಕಥೆ ನಿಂತಿರುವುದೇ ಅದರ ಮೇಲೆ. ಕೊನೆ ಏನಾಯಿತು ಅಂತ ಹೇಳುವುದಿಲ್ಲ. ಲೇಖಕರೂ ಪೂರ್ತಿ ಹೇಳಿಲ್ಲ. ಇವಳು ಓದಿ ಮುಗಿಸಿ, "ಇದೇನ್ರಿ, ಹಾಳೆ ಹರಿದುಹೋಗಿದೆಯಾ?" ಅಂತ ಹಿಂದೆ ಮುಂದೆ ತಿರುಗಿಸಿ ನೋಡಿದಳು.

ಚರಿತ್ರೆಯ ಕಾದಂಬರಿಗಳ ಬಗ್ಗೆ ಎರಡು ಮಾತು. ವಸುಧೇಂದ್ರರ 'ತೇಜೋ ತುಂಗಭದ್ರಾ' ದಪ್ಪ ಪುಸ್ತಕ, 2019ರದ್ದು. ಒಂದು ಕಡೆ ಪೋರ್ಚುಗಲ್ಲಿನ ಲಿಸ್ಬನ್, ಇನ್ನೊಂದು ಕಡೆ ವಿಜಯನಗರ. ದಪ್ಪ ನೋಡಿ ಹೆದರಿದ್ದೆ. ಗೇಬ್ರಿಯಲ್ ಅನ್ನುವ ಹುಡುಗ ತಾನು ಪ್ರೀತಿಸಿದ ಬೆಲ್ಲಾಳನ್ನು ಮದುವೆಯಾಗಲು ದುಡ್ಡು ಬೇಕು ಅಂತ ಹಡಗು ಹತ್ತುತ್ತಾನೆ ಅಂತ ತಿಳಿದ ಮೇಲೆ ನನ್ನ ಭಯ ಹೋಯಿತು. ದುಡ್ಡು ಮಾಡಲು ಮನೆ ಬಿಟ್ಟವನು. ಇವನ ಜೊತೆ ಎಷ್ಟು ಪುಟ ಬೇಕಾದರೂ ಹೋಗಬಹುದು. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದರು, 1510ರಲ್ಲಿ ಗೋವಾ ಹಿಡಿದರು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಆ ಹಡಗಿನೊಳಗೆ ಕೂತವರಲ್ಲಿ ಸಾಲ ತೀರಿಸಲು, ಮದುವೆಯಾಗಲು ಹೊರಟ ಬಡವರೂ ಇದ್ದಿರಬಹುದು ಅಂತ ಯಾರೂ ಹೇಳಿರಲಿಲ್ಲ. ವಿಜಯನಗರದಲ್ಲಿ ನಡೆಯುವ ಭಾಗದಲ್ಲಿ ಹಿಂಸೆ ಸ್ವಲ್ಪ ಜಾಸ್ತಿಯಾಯಿತು ಅಂತ ನನಗನಿಸಿತು. ಕೆಲವು ಪುಟ ಹಾರಿಸಿದೆ. ಹಾರಿಸಿದರೂ ಪುಸ್ತಕ ಬಿಡಲಿಲ್ಲ.

ಕೆ.ಎನ್. ಗಣೇಶಯ್ಯನವರ 'ಕರಿಸಿರಿಯಾನ' ಇನ್ನೊಂದು ಬಗೆ. ಅವರು ಕೃಷಿ ವಿಜ್ಞಾನಿ. 1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಅರಮನೆಯ ಸಂಪತ್ತನ್ನು ರಾಜಮನೆತನದವರು 550 ಆನೆಗಳ ಮೇಲೆ ಹೇರಿಕೊಂಡು ಹೋದರು ಅಂತ ರಾಬರ್ಟ್ ಸಿವೆಲ್ 1900ರಲ್ಲಿ ಬಂದ ತನ್ನ ಇತಿಹಾಸದ ಪುಸ್ತಕದಲ್ಲಿ ಬರೆದಿದ್ದಾನೆ. ಆ ಸಂಪತ್ತಿನ ಜಾಡು ಹಿಡಿದ ಕಾದಂಬರಿ ಇದು. ನಾನು ಓದುತ್ತಾ ಓದುತ್ತಾ ಪಕ್ಕದ ಹಾಳೆಯಲ್ಲಿ ಮೇವಿನ ಲೆಕ್ಕ ಹಾಕಿದೆ. ದೊಡ್ಡ ಆನೆಗೆ ದಿನಕ್ಕೆ 150 ಕೆಜಿ ಮೇವು ಹಿಡಿದರೂ 550 ಆನೆಗೆ 825 ಕ್ವಿಂಟಾಲ್. ಒಂದು ದಿನಕ್ಕೆ! ದಾರಿಯುದ್ದಕ್ಕೂ ಮರದ ಸೊಪ್ಪು, ರೈತರ ಪೈರು ಏನೂ ಉಳಿದಿರಲಿಕ್ಕಿಲ್ಲ. ನೀರು ಬೇರೆ. ಅಂಥ ಸಾಲು ಗುಟ್ಟಾಗಿ ಹೋಗುವುದಾದರೂ ಹೇಗೆ? ಲೇಖಕರು ಅಡಿಟಿಪ್ಪಣಿ, ಫೋಟೊ ಎಲ್ಲಾ ಕೊಡುವವರಾದ್ದರಿಂದ ನನ್ನಂಥವನಿಗೂ ಎದುರು ಕೂತು ವಾದ ಮಾಡಬೇಕು ಅನಿಸುತ್ತದೆ. ಓದುಗನನ್ನು ಪೆನ್ಸಿಲ್ ಹಿಡಿಯುವ ಹಾಗೆ ಮಾಡುವ ಥ್ರಿಲ್ಲರ್ ನನಗೆ ಇಷ್ಟ. ಮಾತುಕತೆಗಳು ಮಾತ್ರ ಕೆಲವು ಕಡೆ ತರಗತಿಯ ಪಾಠದ ಹಾಗೆ ಕೇಳಿಸುತ್ತವೆ. ಅದನ್ನು ಕ್ಷಮಿಸಬಹುದು.

ಇಷ್ಟೆಲ್ಲ ಬರೆದು ಇವಳಿಗೆ ಓದಿ ಹೇಳಿದೆ. ಇವಳು ಸಾಯಿಸುತೆ ಅವರ ಕಾದಂಬರಿಗಳನ್ನು ಓದಿ ಬೆಳೆದವಳು, ನನಗಿಂತ ಹೆಚ್ಚು ಓದಿದ್ದಾಳೆ. ಹಪ್ಪಳದ ಹಿಟ್ಟು ನಾದುತ್ತಾ ಕೇಳಿಸಿಕೊಂಡಳು. ಕೊನೆಗೆ ಹೇಳಿದಳು, "ಎಲ್ಲಾ ಸರಿ. ಫಣಿಯಮ್ಮನಿಗೆ ಸಂಬಳ ಎಷ್ಟು ಅಂತ ಬರೀರಿ."

ನಾನು ಸುಮ್ಮನಾದೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ನಮ್ಮ ಮಲೆನಾಡಿನ ಕಥೆ, ತೀರ್ಥಹಳ್ಳಿ ಕಡೆಯದ್ದು. ಮಗುವಾಗಿದ್ದಾಗಲೇ ವಿಧವೆಯಾದವಳು. ನೂರು ದಾಟಿ ಬದುಕಿದವಳು. 1983ರಲ್ಲಿ ಪ್ರೇಮಾ ಕಾರಂತರು ಸಿನಿಮಾ ಮಾಡಿದರು. ಆ ದೊಡ್ಡ ಮನೆಯ ಕೆಲಸವನ್ನೆಲ್ಲ ಆಯುಷ್ಯಪೂರ್ತಿ ಮಾಡಿದಳು, ಬಾಣಂತನ ಮಾಡಿದಳು, ಹೆರಿಗೆ ಮಾಡಿಸಿದಳು, ಜಾತಿ ನೋಡದೆ ಮಾಡಿಸಿದಳು. ಯಾರ ಕಿರ್ದಿಯಲ್ಲೂ ಅವಳ ಹೆಸರಿನಲ್ಲಿ ಒಂದು ಪೈಸೆ ಜಮಾ ಆಗಲಿಲ್ಲ. ಇಂದಿರಾ ಅವರೂ ಹನ್ನೆರಡನೇ ವಯಸ್ಸಿಗೆ ಮದುವೆಯಾದವರು, ಮೊದಲ ಕಾದಂಬರಿ 'ತುಂಗಭದ್ರಾ' ಬಂದಾಗ ನಲವತ್ತು ದಾಟಿತ್ತು. ಅಷ್ಟು ವರ್ಷ ಒಳಮನೆಯಲ್ಲಿ ಕಂಡದ್ದನ್ನೆಲ್ಲ ಲೆಕ್ಕ ಇಟ್ಟಿದ್ದರು ಅನ್ನಿ. ನನ್ನ ಪ್ರಶ್ನೆಗೆ ಇವಳು ಒಂದು ಸಾಲು ಸೇರಿಸಿದ್ದಾಳೆ. ಪಾತ್ರಕ್ಕೆ ಸಂಬಳ ಎಷ್ಟು ಅಂತ ಕೇಳುವಾಗ, ಸಂಬಳ ಇಲ್ಲದೆ ಮನೆಯಲ್ಲಿ ಅಡುಗೆ ಮಾಡಿದವರು ಯಾರು ಅಂತಲೂ ಕೇಳಬೇಕಂತೆ. ಆ ಆಗುಂಬೆ ಥ್ರಿಲ್ಲರ್‌ನಲ್ಲಿ ನಾಯಕ ಮೂರು ದಿನ ಏನು ತಿಂದ ಅಂತ ನೋಡಿದೆ. ಏನೂ ಇಲ್ಲ. ಒಂದು ಕಡೆ ಕಾಫಿ ಕುಡಿಯುತ್ತಾನೆ. ಯಾರು ಮಾಡಿಕೊಟ್ಟರು ಅಂತ ಇಲ್ಲ.

ಇನ್ನು ನನ್ನ ಬೇಡಿಕೆ. ನಿಮ್ಮ ಪುರವಣಿಯಲ್ಲಿ ತಿಂಗಳಿಗೆ ಒಂದು ಸಲವಾದರೂ ಜನ ಓದುವ ಕಾದಂಬರಿಗಳನ್ನು ಆಯಾ ಕಸುಬಿನವರಿಗೆ ಕೊಟ್ಟು ಬರೆಸಿ. ಪತ್ತೇದಾರಿ ಕಾದಂಬರಿಯನ್ನು ನಿವೃತ್ತ ಹೆಡ್ ಕಾನ್‌ಸ್ಟೇಬಲ್‌ಗೆ ಕೊಡಿ. ಪಂಚನಾಮೆ ಹಾಗೆ ಬರೆಯುತ್ತಾರಾ, ಒಬ್ಬನೇ ಇನ್‌ಸ್ಪೆಕ್ಟರ್ ಜೀಪ್ ಓಡಿಸಿಕೊಂಡು ಕಳ್ಳನ ಹಿಂದೆ ಹೋಗುತ್ತಾನಾ ಅಂತ ಅವರು ಹೇಳಲಿ. ಆಸ್ಪತ್ರೆಯ ಪ್ರೇಮಕಥೆಯನ್ನು ರಾತ್ರಿ ಪಾಳಿಯ ನರ್ಸ್‌ಗೆ ಕೊಡಿ. ಹಳ್ಳಿ ಶಾಲೆಯ ಮೇಷ್ಟ್ರು ನಾಯಕನಾಗಿದ್ದರೆ ಬಿಸಿಯೂಟದ ಅಕ್ಕಿ ಲೆಕ್ಕ ಬರೆದು ಸುಸ್ತಾದ ಮೇಷ್ಟ್ರಿಗೇ ಕೊಡಿ. ಅವರಿಗೆ ದೊಡ್ಡ ದೊಡ್ಡ ಮಾತು ಬರದಿರಬಹುದು. 'ನಂಬುವ ಹಾಗಿದೆ', 'ನಂಬುವ ಹಾಗಿಲ್ಲ' ಅಂತ ಹೇಳಿದರೂ ನಮಗೆ ಸಾಕು. ಜೊತೆಗೆ ಪುಟ ಎಷ್ಟು, ಬೆಲೆ ಎಷ್ಟು, ಅಕ್ಷರ ಕಣ್ಣಿಗೆ ಕಾಣುವಷ್ಟು ದಪ್ಪ ಇದೆಯಾ ಅನ್ನುವುದನ್ನೂ ತಪ್ಪದೆ ಹಾಕಿ. ಕನ್ನಡಕದ ನಂಬರ್ ಬದಲಾದವರಿಗೆ ಅದೂ ವಿಮರ್ಶೆಯೇ.

ಅಡಿಕೆ ವ್ಯಾಪಾರದ ಕಾದಂಬರಿ ಯಾರಾದರೂ ಬರೆದರೆ ನನಗೆ ಕಳಿಸಿ. ಕೊಳೆರೋಗ ಬಂದ ವರ್ಷ ಕಥೆ ಶುರುವಾಗಲಿ, ಟೆಂಡರ್ ಕೂಗುವ ಹೊತ್ತಿಗೆ ಒಂದು ಕೊಲೆಯೂ ಆಗಲಿ, ನನ್ನ ಅಭ್ಯಂತರ ಇಲ್ಲ. ವಿಮರ್ಶೆ ಬರೆದುಕೊಡುತ್ತೇನೆ. ಸಂಭಾವನೆ ಬೇಡ. ಪುಸ್ತಕ ಮಾತ್ರ ವಾಪಸ್ ಕೇಳಬಾರದು.

ಇಂತಿ,
ನಿಮ್ಮ ಓದುಗ,
ಅಡಿಕೆ ಮಂಡಿಯ ಗುಮಾಸ್ತ,
ಸಾಗರ, ಶಿವಮೊಗ್ಗ ಜಿಲ್ಲೆ